ಅಮಾತ್ಯ ರಾಕ್ಷಸನ ನಿಷ್ಠೆ

ಷಟ್‌ಸ್ಥಲ ಮಾರ್ಗದಲ್ಲಿ ಭಕ್ತಸ್ಥಲದ ಬೆನ್ನಿಗೇ ಮಾಹೇಶ್ವರಸ್ಥಲವು ಬರುವುದು. ಭಕ್ತನದು ಶ್ರದ್ಧಾಭಕ್ತಿ, ಮಾಹೇಶ್ವರನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ ಎಂದು ಹಿರಿಯರು ವಿಂಗಡಿಸಿ ಹೇಳಿರುವರು. ಹಿಡಿದುದನ್ನು ಬಿಡದಿರುವುದು ನಿಷ್ಠೆ. ಹಿಡಿದುದರಲ್ಲಿ ಎಚ್ಚರವಾಗಿರುವುದು ಅವಧಾನ. ಈ ಎರಡು ಗುಣಗಳನ್ನು ಹೊಗಳದ ಬೋಧೆಯಿಲ್ಲ, ಬೋಧಕರಿಲ್ಲ. ಆದರೆ ಹೊಗಳುವ ಭರದಲ್ಲಿ ಒಂದು ಪ್ರಶ್ನೆಯು ಹಿಂದೆ ಬೀಳುವುದುಂಟು. ನಿಷ್ಠೆಯು ತನ್ನಷ್ಟಕ್ಕೆ ತಾನೇ ಒಳ್ಳೆಯದೆ? ಕಳ್ಳರ ಕೂಟದಲ್ಲಿಯೂ ನಿಷ್ಠೆ ಉಂಟು. ಸಿಕ್ಕಿಬಿದ್ದವನು ಜೊತೆಗಾರನ ಹೆಸರನ್ನು ಹೇಳದೆ ಏಟು ತಿನ್ನುವನು. ಎಚ್ಚರವಾದರೋ ಇಲಿಯ ಬಿಲದ ಮುಂದೆ ಕುಳಿತ ಬೆಕ್ಕಿಗೂ ಉಂಟು. ಹಾಗಾದರೆ ಯಾವ ನಿಷ್ಠೆಯು ಮನುಷ್ಯನನ್ನು ಮೇಲಕ್ಕೆತ್ತುವುದು, ಯಾವುದು ಆತನನ್ನು ಕುರುಡನನ್ನಾಗಿ ಮಾಡುವುದು?

ಈ ಪ್ರಶ್ನೆಯನ್ನು ಹೊತ್ತು ನಿಂತ ಒಬ್ಬ ಪುರುಷನು ಸಂಸ್ಕೃತ ಸಾಹಿತ್ಯದಲ್ಲಿರುವನು. ವಿಶಾಖದತ್ತ ಕವಿಯ ಮುದ್ರಾರಾಕ್ಷಸವೆಂಬ ಏಳು ಅಂಕಗಳ ನಾಟಕದ ಅಮಾತ್ಯ ರಾಕ್ಷಸನೇ ಆತನು. ಹೆಸರು ರಾಕ್ಷಸನೆಂದಿದ್ದರೂ ಸ್ವಭಾವದಿಂದ ಕೋಮಲಹೃದಯನು, ನಂದರಾಜರ ಮಂತ್ರಿ, ಬೇಹುಗಾರರ ಒಡೆಯ. ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ಕೆಂಪುನಾರಾಯಣನು 1823ರಲ್ಲಿ ಇದೇ ಕಥೆಯನ್ನು ಮುದ್ರಾಮಂಜೂಷವೆಂಬ ಗದ್ಯಗ್ರಂಥವಾಗಿ ಬರೆದು, ಹಳೆಯ ಗದ್ಯಕ್ಕೂ ಹೊಸ ಗದ್ಯಕ್ಕೂ ನಡುವೆ ಒಂದು ಸೇತುವೆಯನ್ನು ಕಟ್ಟಿಕೊಟ್ಟನು. ಕಥೆಯನ್ನು ಚಾಣಕ್ಯನ ಬುದ್ಧಿಯ ವಿಜಯವೆಂದು ಓದುವವರೇ ಬಹಳ. ಸೋತವನ ಕಡೆಯಿಂದ ಓದಿದಾಗ ಅದರಲ್ಲಿ ಬೇರೊಂದು ತಿರುಳು ಕಾಣುವುದು.

ಚಂದ್ರಗುಪ್ತ ಮೌರ್ಯನು ನಂದರನ್ನು ಕಿತ್ತು, ಕ್ರಿ.ಪೂ. 321ರ ಸುಮಾರಿಗೆ ಪಾಟಲಿಪುತ್ರದ ಸಿಂಹಾಸನವನ್ನೇರಿದುದು ಚರಿತ್ರೆಯ ಮಾತು. ಆ ಪಾಟಲಿಪುತ್ರವೇ ಈಗಿನ ಪಾಟ್ನಾ. ಆದರೆ ನಾಟಕದಲ್ಲಿ ಕಾಣುವ ಸಾಮ್ರಾಜ್ಯವು ಚರಿತ್ರೆಯದಲ್ಲ, ಎಷ್ಟೋ ಶತಮಾನಗಳ ತರುವಾಯ ಒಬ್ಬ ಕವಿಯು ಮನಸ್ಸಿನಲ್ಲಿ ಕಟ್ಟಿದ ಸಾಮ್ರಾಜ್ಯ. ಅಲ್ಲಿ ಹಾವಾಡಿಗನು ಹಾವಾಡಿಗನಲ್ಲ, ಸಂನ್ಯಾಸಿಯು ಸಂನ್ಯಾಸಿಯಲ್ಲ, ಕೊಲೆಗಡುಕನು ಕೊಲೆಗಡುಕನಲ್ಲ. ಕವಿಯು ನಾಂದಿಯಲ್ಲಿ ಶಿವನನ್ನೇ ಸ್ತುತಿಸಿರುವನು. ಅದೂ ಎಂಥ ಶಿವನನ್ನು? ತಲೆಯ ಮೇಲಿನ ಗಂಗೆಯನ್ನು ಪಾರ್ವತಿಯು ಪ್ರಶ್ನಿಸಲು, ಮಾತನ್ನು ಅತ್ತಿತ್ತ ತಿರುಗಿಸಿ ಮರೆಮಾಚುವ ಶಿವನನ್ನು! ಮುಂದೆ ಬರುವುದೆಲ್ಲ ಮರೆಮಾಚುವವರ ಕಥೆ ಎಂಬುದಕ್ಕೆ ಅದು ಸೂಚನೆ.

ಕಲ್ಪನೆಯಾದರೂ ಅದು ಬರಿಯ ಗಾಳಿಯಲ್ಲಿ ಹುಟ್ಟಿದುದಲ್ಲ. ಚಂದ್ರಗುಪ್ತನ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದಿದ್ದ ಗ್ರೀಕನಾದ ಮೆಗಾಸ್ತನೀಸನು ಈ ದೇಶದ ಜನರನ್ನು ಏಳು ವರ್ಗಗಳಾಗಿ ಎಣಿಸಿ, ನಡೆದುದೆಲ್ಲವನ್ನೂ ನೋಡಿ ಅರಸನಿಗೆ ವರದಿ ಒಪ್ಪಿಸುವವರದೇ ಒಂದು ವರ್ಗವೆಂದು ಬರೆದನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎಂದರೆ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಗ್ರಂಥದಲ್ಲಿ, ಗೂಢಪುರುಷರ ಜಾತಿಗಳೇ ಒಂದು ಅಧ್ಯಾಯವಾಗಿವೆ. ಕಪಟ ವಿದ್ಯಾರ್ಥಿ, ವ್ರತ ಬಿಟ್ಟ ಸಂನ್ಯಾಸಿ, ಗೃಹಸ್ಥನ ವೇಷದವನು, ವರ್ತಕನ ವೇಷದವನು, ತಪಸ್ವಿಯ ವೇಷದವನು; ಇವರಲ್ಲದೆ ವಿಷವಿಕ್ಕುವವನು, ಭಿಕ್ಷುಕಿ ಮೊದಲಾದವರು. ತಪಸ್ವಿಯ ವೇಷದವನಿಗೆ ಹೇಳಿಕೊಟ್ಟಿರುವ ನಡೆಯನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯದು. ಆತನು ಜಡೆ ಬಿಟ್ಟೋ ತಲೆ ಬೋಳಿಸಿಕೊಂಡೋ ಊರ ಬಳಿ ನೆಲೆಸಬೇಕು. ಜನರ ಎದುರಿಗೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಿಡಿ ಸೊಪ್ಪನ್ನೋ ಹಿಡಿ ಜವೆಯನ್ನೋ ತಿನ್ನಬೇಕು. ಮರೆಯಲ್ಲಿ ಬೇಕಾದುದನ್ನು ಉಣ್ಣಬಹುದು. ಆತನ ಶಿಷ್ಯರು ಈತನು ಸಿದ್ಧಪುರುಷನೆಂದು ಊರಲ್ಲೆಲ್ಲ ಸಾರಬೇಕು. ಮೂವರು ಬೇರೆಬೇರೆಯಾಗಿ ತಂದ ಸುದ್ದಿ ಒಂದೇ ಆಗಿದ್ದರೆ ಮಾತ್ರ ಅರಸನು ನಂಬತಕ್ಕದ್ದು. ಇಂತಹ ವ್ಯವಸ್ಥೆಯಲ್ಲಿ ಪಳಗಿದವನೇ ರಾಕ್ಷಸನು.

ನಾಟಕವು ತೊಡಗುವ ಹೊತ್ತಿಗೆ ಆತನ ಅರಸನು ಸತ್ತಿರುವನು. ನಂದವಂಶದಲ್ಲಿ ಒಬ್ಬನೂ ಉಳಿದಿಲ್ಲ. ಮಂತ್ರಿಯು ಮಡದಿ ಮಕ್ಕಳನ್ನು ಗೆಳೆಯನಾದ ರತ್ನವರ್ತಕ ಚಂದನದಾಸನ ಮನೆಯಲ್ಲಿ ಬಿಟ್ಟು, ನಗರದಿಂದ ಹೊರಬಿದ್ದು, ಪರ್ವತಕರಾಜನ ಮಗನಾದ ಮಲಯಕೇತುವಿನ ಪಾಳೆಯವನ್ನು ಸೇರಿರುವನು. ಸಂಬಳವಿಲ್ಲ, ಪಟ್ಟವಿಲ್ಲ, ಮೆಚ್ಚಿ ಉಡುಗೊರೆ ಕೊಡುವ ಒಡೆಯನಿಲ್ಲ. ಒಡೆಯನು ಅಳಿದಂದಿನಿಂದ ಮೈಮೇಲೆ ಒಡವೆಯನ್ನು ಧರಿಸಿದವನಲ್ಲ. ನಿದ್ದೆಯಿಲ್ಲದೆ ತಲೆನೋವಿನಿಂದ ನರಳುತ್ತ ಇರುಳೆಲ್ಲ ಉಪಾಯಗಳನ್ನು ಹೆಣೆಯುವನು. ಬದುಕಿರುವ ಅರಸನಿಗೆ ನಿಷ್ಠನಾಗಿರುವುದು ಹೊಟ್ಟೆಪಾಡಿಗೂ ಆಗುವ ಕೆಲಸ. ಸತ್ತ ಅರಸನಿಗೆ ನಿಷ್ಠನಾಗಿರುವವನು ಯಾವ ಲಾಭವನ್ನು ಕಂಡಾನು? ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವನು ಆತನ ವೈರಿಯಾದ ಚಾಣಕ್ಯನೇ. ರಾಕ್ಷಸನನ್ನು ಕೊಲ್ಲುವುದು ಚಾಣಕ್ಯನಿಗೆ ಬೇಕಿಲ್ಲ. ಆ ನಿಷ್ಠೆಯನ್ನು ಸೆರೆಹಿಡಿದು, ಚಂದ್ರಗುಪ್ತನ ಮಂತ್ರಿಪದವಿಯಲ್ಲಿ ಕೂರಿಸಬೇಕು. ಅಷ್ಟೇ ಆತನ ಬಯಕೆ. ನಾಟಕದ ಏಳು ಅಂಕಗಳೂ ಇದೊಂದೇ ಬೇಟೆಗಾಗಿ.

ರಾಕ್ಷಸನ ಬೇಹುಗಾರರು ಯಾರಿಗೂ ಕಡಿಮೆಯಾದವರಲ್ಲ. ಆದರೆ ಎರಡನೆಯ ಅಂಕದಲ್ಲಿ ಹಾವಾಡಿಗನ ವೇಷದಿಂದ ಬರುವ ವಿರಾಧಗುಪ್ತನು ತರುವ ಸುದ್ದಿಗಳು ಒಂದಕ್ಕಿಂತ ಒಂದು ಎದೆಯೊಡೆಯುವಂಥವು. ಚಂದ್ರಗುಪ್ತನಿಗಾಗಿ ಕಳುಹಿಸಿದ್ದ ವಿಷಕನ್ಯೆಯನ್ನು ಚಾಣಕ್ಯನು ಪರ್ವತಕನ ಕಡೆಗೆ ತಿರುಗಿಸಿದನು. ಬಡಗಿ ದಾರುವರ್ಮನು ಅರಮನೆಯ ಬಾಗಿಲಲ್ಲಿ ಕಟ್ಟಿದ್ದ ಬೀಳುವ ತೋರಣವು ತಮ್ಮವನೇ ಆದ ಮಾವಟಿಗನ ಮೇಲೆ ಬಿದ್ದಿತು. ಆನೆಯ ಮೇಲಿದ್ದು ಸತ್ತವನು ಚಂದ್ರಗುಪ್ತನಲ್ಲ, ಪರ್ವತಕನ ತಮ್ಮ. ಬಡಗಿಯನ್ನು ಜನರು ಕಲ್ಲೆಸೆದು ಕೊಂದರು. ವೈದ್ಯ ಅಭಯದತ್ತನು ಮದ್ದಿನಲ್ಲಿ ಬೆರೆಸಿದ ವಿಷವು ಚಿನ್ನದ ಪಾತ್ರೆಯಲ್ಲಿ ಬಣ್ಣಗೆಟ್ಟುದನ್ನು ಕಂಡು ಚಾಣಕ್ಯನು ಅದನ್ನು ವೈದ್ಯನಿಗೇ ಕುಡಿಸಿದನು. ಅರಸನ ಶಯ್ಯಾಗೃಹದ ಸೇವಕ ಪ್ರಮೋದಕನು ಕೈಗೆ ಬಂದ ಹಣವನ್ನು ಎಗ್ಗಿಲ್ಲದೆ ಖರ್ಚುಮಾಡಿ, ಎಲ್ಲಿಂದ ಬಂತೆಂದು ಕೇಳಿದಾಗ ತಡವರಿಸಿ ಸಿಕ್ಕಿಬಿದ್ದನು. ಗೋಡೆಯೊಳಗಿನ ಸುರಂಗದಲ್ಲಿ ಅಡಗಿದ್ದ ಬೀಭತ್ಸಕ ಮೊದಲಾದವರ ಕಥೆಯು ಇನ್ನೂ ವಿಚಿತ್ರ. ಬಿರುಕಿನಿಂದ ಸಾಲಾಗಿ ಹೊರಬರುತ್ತಿದ್ದ ಇರುವೆಗಳ ಬಾಯಲ್ಲಿ ಅನ್ನದ ಅಗುಳುಗಳನ್ನು ಕಂಡ ಚಾಣಕ್ಯನು, ಒಳಗೆ ಉಣ್ಣುವವರಿರುವರೆಂದು ಊಹಿಸಿ ಮನೆಗೇ ಬೆಂಕಿಯಿಡಿಸಿದನು.

ಇರುವೆಯ ಬಾಯಿನ ಅಗುಳನ್ನೂ ಬಿಡದ ಆ ಕಣ್ಣು ಎಂಥದು! ಲೋಕವು ಇದನ್ನೇ ಎಚ್ಚರವೆಂದು ಕೊಂಡಾಡುವುದು. ಪ್ರಸಾದಿಯ ಅವಧಾನವೂ ಅಗುಳಿನ ಮೇಲೆಯೇ ಇರುವುದಲ್ಲವೆ? ಆದರೆ ಆತನು ಅಗುಳನ್ನು ಕಾಣುವುದು ಅದು ಲಿಂಗಕ್ಕೆ ಸಂದುದೋ ಇಲ್ಲವೋ, ತಾನು ಅದಕ್ಕೆ ತಕ್ಕವನೋ ಅಲ್ಲವೋ ಎಂದು. ಒಬ್ಬನ ಕಣ್ಣು ಅಗುಳಿನಿಂದ ತನ್ನೊಳಕ್ಕೆ ತಿರುಗುವುದು. ಇನ್ನೊಬ್ಬನ ಕಣ್ಣು ಅದೇ ಅಗುಳಿನಿಂದ ಬೇರೆಯವರ ಗೋಡೆಯೊಳಕ್ಕೆ ತೂರುವುದು. ಎಚ್ಚರವು ಒಂದೇ, ದಿಕ್ಕು ಮಾತ್ರ ಬೇರೆ. ನೆರೆಮನೆಯ ಬಾಗಿಲಿಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಏನನ್ನು ಹೊತ್ತುತಂದರು ಎಂಬುದನ್ನು ಜಗಲಿಯ ಮೇಲೆ ಕುಳಿತೇ ಲೆಕ್ಕವಿಡುವವರು ಊರೂರಿನಲ್ಲಿಯೂ ಉಂಟು. ಅವರಿಗೆ ಸಾಮ್ರಾಜ್ಯವೊಂದು ದೊರಕಿಲ್ಲ, ಅಷ್ಟೇ.

ರಾಕ್ಷಸನು ಮಾತ್ರ ಚಾಣಕ್ಯನಂತಹವನಲ್ಲ. ತನ್ನವರೊಬ್ಬೊಬ್ಬರ ಗತಿಯನ್ನು ಕೇಳಿದಾಗಲೂ ಮರುಗುವನು. ಸತ್ತ ಬೇಹುಗಾರನು ಆತನಿಗೆ ಕಳೆದುಹೋದ ಕಾಯಿಯಲ್ಲ, ಕಳೆದುಕೊಂಡ ಗೆಳೆಯ. ಆತನ ಸೋಲಿನ ಬೇರು ಇಲ್ಲಿಯೇ ಇರುವುದು. ಚಾಣಕ್ಯನು ಆತನ ಮೇಲೆ ಬೀಸಿದ ಬಲೆಯ ಒಂದೊಂದು ನೂಲೂ ಸ್ನೇಹದ ನೂಲು. ಕ್ಷಪಣಕನ ವೇಷದ ಜೀವಸಿದ್ಧಿಯು ಆತನ ಆಪ್ತನಾಗಿ ಸೇರಿದವನು, ಚಾಣಕ್ಯನ ಕಡೆಯವನು. ಸಿದ್ಧಾರ್ಥಕನು ಲಿಪಿಕಾರನಾದ ಶಕಟದಾಸನನ್ನು ಶೂಲದಿಂದ ಬಿಡಿಸಿತಂದಂತೆ ನಟಿಸಿದಾಗ, ಗೆಳೆಯನು ಬದುಕಿಬಂದನೆಂಬ ಹರ್ಷದಲ್ಲಿ ರಾಕ್ಷಸನು ಮೈಮೇಲಿದ್ದ ಒಡವೆಗಳನ್ನೇ ಬಿಚ್ಚಿಕೊಟ್ಟನು. ಅವು ಮಲಯಕೇತುವು ಆ ದಿನವೇ ತನ್ನ ಮೈಯಿಂದ ತೆಗೆದು, ಒತ್ತಾಯಮಾಡಿ ತೊಡಿಸಿದ್ದ ಒಡವೆಗಳು. ಮುಂದೆ ಅವೇ ಆತನಿಗೆ ಉರುಳಾದುವು.

ಮುದ್ರೆಯ ಉಂಗುರದ ಸಂಗತಿಯೂ ಹಾಗೆಯೇ. ನಗರವನ್ನು ಬಿಡುವಾಗ ಮಡದಿಯು ವಿರಹದ ಸಮಾಧಾನಕ್ಕೆಂದು ಗಂಡನ ಕೈಯಿಂದ ಅದನ್ನು ತೆಗೆದುಕೊಂಡಿದ್ದಳು. ಚಾಣಕ್ಯನ ಚರನಾದ ನಿಪುಣಕನು ಯಮನ ಚಿತ್ರಪಟವನ್ನು ಹಿಡಿದು ಹಾಡುತ್ತ ಚಂದನದಾಸನ ಮನೆಗೆ ಹೋದನು. ಹಾಡು ಕೇಳಿ ಐದು ವರ್ಷದ ಮಗುವೊಂದು ಕುತೂಹಲದಿಂದ ಒಳಕೋಣೆಯಿಂದ ಓಡಿಬಂದಿತು. ಒಳಗೆ ಹೆಂಗಸರ ಗಾಬರಿಯ ದನಿ. ಬಾಗಿಲ ಮರೆಯಿಂದ ಒಂದು ಕೈ ಚಾಚಿ ಮಗುವನ್ನು ಒಳಕ್ಕೆಳೆಯಿತು. ಗಂಡಸಿನ ಬೆರಳಿನ ಅಳತೆಗೆ ಮಾಡಿದ ಉಂಗುರವು ಆ ತೆಳುವಾದ ಬೆರಳಿನಿಂದ ಜಾರಿ, ಉರುಳಿ ಬಂದು ನಿಪುಣಕನ ಕಾಲಬಳಿ ನಿಂತಿತು. ಇಡೀ ನಾಟಕದಲ್ಲಿ ರಾಕ್ಷಸನ ಮಡದಿಯ ವಿಷಯವಾಗಿ ಓದುಗನು ಕಾಣುವುದು ಆ ಕೈಯೊಂದನ್ನೇ. ರಂಗಸ್ಥಳಕ್ಕೆ ಆಕೆ ಒಮ್ಮೆಯೂ ಬರುವುದಿಲ್ಲ. ಉಂಗುರದಿಂದ ಕಪಟದ ಓಲೆ ಹುಟ್ಟಿತು. ಏನೂ ಅರಿಯದ ಶಕಟದಾಸನಿಂದ ಮೊದಲೇ ಬರೆಯಿಸಿಕೊಂಡಿದ್ದ ಆ ಓಲೆಗೆ ರಾಕ್ಷಸನ ಹೆಸರಿನ ಮುದ್ರೆ ಬಿದ್ದಿತು. ನಂಬಿಕೆಯ ಗುರುತುಗಳೆಲ್ಲ, ಗೆಳೆಯನ ಕೈಬರಹ, ಮಡದಿಯ ಬೆರಳಿನ ಉಂಗುರ, ಒಡೆಯನು ಕೊಟ್ಟ ಒಡವೆ, ಒಂದೊಂದಾಗಿ ದ್ರೋಹದ ಗುರುತುಗಳಾದುವು.

ಐದನೆಯ ಅಂಕದಲ್ಲಿ ಆ ಓಲೆಯು ಮಲಯಕೇತುವಿನ ಕೈಗೆ ಸಿಕ್ಕುವುದು. ರಾಕ್ಷಸನು ಚಂದ್ರಗುಪ್ತನೊಡನೆ ಒಳಸಂಚು ಮಾಡಿರುವನೆಂದೂ, ಜೊತೆಯ ಐವರು ಅರಸರೂ ಅದರಲ್ಲಿ ಸೇರಿರುವರೆಂದೂ ಆತನು ನಂಬುವನು. ತಂದೆಯನ್ನು ಕೊಲ್ಲಿಸಿದವನೂ ರಾಕ್ಷಸನೇ ಎಂದು ಜೀವಸಿದ್ಧಿಯು ಮೊದಲೇ ಕಿವಿಗೆ ಬೀಳುವಂತೆ ಹೇಳಿರುವನು. ರಾಕ್ಷಸನಿಗೆ ಉತ್ತರವಿಲ್ಲ. ಅಕ್ಷರ ಗೆಳೆಯನದು, ಮುದ್ರೆ ತನ್ನದು, ವರ್ತಕರಿಂದ ಕೊಂಡು ಧರಿಸಿದ್ದ ಒಡವೆಗಳು ಸತ್ತ ಪರ್ವತಕನವು, ಚಾಣಕ್ಯನೇ ಮಾರಲು ಕಳುಹಿಸಿದವು. ಜೀವಮಾನವೆಲ್ಲ ಬೇರೆಯವರ ಮೇಲೆ ಸಾಕ್ಷ್ಯವನ್ನು ಕೂಡಿಸಿದವನ ಮೇಲೆ ಸಾಕ್ಷ್ಯವು ತಾನಾಗಿ ಬಂದು ಕೂಡಿದಂತಾಯಿತು. ಅಪರಾಧಿಯಲ್ಲದವನು ಅಪರಾಧಿಯಂತೆ ನಿಂತನು. ಮಲಯಕೇತುವು ಆತನ ಜೀವವನ್ನು ತೆಗೆಯದೆ ಹೊರಗಟ್ಟಿದನು. ಆದರೆ ಐವರು ಅರಸರಲ್ಲಿ ಮೂವರನ್ನು ಹಳ್ಳದಲ್ಲಿ ಹೂಳಿಸಿ, ಇಬ್ಬರನ್ನು ಆನೆಯ ಕಾಲಿಗೆ ಹಾಕಿಸಿದನು.

ಆ ಐವರು ಯಾವ ತಪ್ಪನ್ನೂ ಮಾಡಿದವರಲ್ಲ. ಕವಿಯು ಅವರ ಸಾವನ್ನು ಎರಡು ಮಾತಿನಲ್ಲಿ ಮುಗಿಸಿ ಮುಂದೆ ಹೋಗುವನು; ರಂಗದ ಮೇಲೆ ಅವರಿಗಾಗಿ ಯಾರೂ ಅಳುವುದಿಲ್ಲ. ಚಾಣಕ್ಯನ ನೀತಿಯನ್ನು ರಕ್ತವಿಲ್ಲದ ಗೆಲುವೆಂದು ಕೊಂಡಾಡುವವರು ಈ ಹಳ್ಳದ ಬಳಿ ತುಸು ನಿಲ್ಲತಕ್ಕದ್ದು. ಬಡಗಿ, ವೈದ್ಯ, ಮಾವಟಿಗ, ಸುರಂಗದಲ್ಲಿ ಬೆಂದವರು, ಈ ಐವರು: ಎರಡು ಕಡೆಯ ನಿಷ್ಠೆಗಳು ತಾಗಿ ಉರಿದಾಗ ಬೆಂದವರ ಪಟ್ಟಿಯಿದು. ರಾಕ್ಷಸನ ಕೈಯೂ ಚೊಕ್ಕಟವಲ್ಲ. ವಿಷಕನ್ಯೆಯನ್ನು ಕಳುಹಿಸಿದವನು ಆತನೇ ಅಲ್ಲವೆ? ಆತನ ನಿಷ್ಠೆಯು ಎಷ್ಟು ನಿರ್ಮಲವಾಗಿದ್ದಿತೋ ಅದರ ಕೆಲಸವು ಅಷ್ಟೇ ಮಲಿನವಾಗಿದ್ದಿತು. ಒಡೆಯನಿಗಾಗಿ ಮಾಡಿದುದಕ್ಕೆ ಮೈಲಿಗೆಯಿಲ್ಲವೆಂದು ಆತನು ತಿಳಿದಿದ್ದನು.

ಇಲ್ಲಿ ವೇಷದ ಮಾತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಯಮಪಟದ ಭಿಕ್ಷುಕನನ್ನು ನಂಬಿ ಚಂದನದಾಸನ ಮನೆಯವರು ಬಾಗಿಲು ತೆರೆದರು; ಆ ಬಾಗಿಲಿನಿಂದಲೇ ಕೇಡು ಒಳಹೊಕ್ಕಿತು. ತಪಸ್ವಿಯ ವೇಷವು ಬೇಹಿನ ಸಾಧನವಾದ ನಾಡಿನಲ್ಲಿ ನಿಜವಾದ ತಪಸ್ವಿಗೆ ಯಾರು ಅನ್ನವಿಕ್ಕಿಯಾರು? ಒಬ್ಬ ಸುಳ್ಳು ಭಿಕ್ಷುಕನು ನೂರು ನಿಜವಾದ ಭಿಕ್ಷುಕರ ಪಾಲಿನ ಬಾಗಿಲನ್ನು ಮುಚ್ಚಿಸುವನು. ಅರವತ್ತುಮೂವರು ಪುರಾತನರಲ್ಲೊಬ್ಬರಾದ ಮೆಯ್ಪೊರುಳ್ ನಾಯನಾರರ ಕಥೆಯು ಇದೇ ಕತ್ತಿಯಂಚಿನ ಮೇಲೆ ನಿಂತಿರುವುದು. ಅವರು ತಿರುಕ್ಕೋವಲೂರಿನ ಅರಸರು. ಯುದ್ಧದಲ್ಲಿ ಗೆಲ್ಲಲಾರದ ಹಗೆಯಾದ ಮುತ್ತನಾಥನು ವಿಭೂತಿ ಧರಿಸಿ, ಶಿವಭಕ್ತನಂತೆ ಬಂದು, ಅಪೂರ್ವವಾದ ಆಗಮವನ್ನು ಏಕಾಂತದಲ್ಲಿ ಬೋಧಿಸುವೆನೆಂದು ಹೇಳಿ, ಹೊತ್ತಗೆಯ ಕಟ್ಟಿನಲ್ಲಿ ಬಚ್ಚಿಟ್ಟಿದ್ದ ಕತ್ತಿಯಿಂದ ಇರಿದನು. ಕಾವಲಿನ ದತ್ತನು ಕತ್ತಿ ಹಿರಿದು ಓಡಿಬಂದಾಗ, ಬೀಳುತ್ತಿದ್ದ ಅರಸರು ಅವನನ್ನು ತಡೆದು, ಈತನು ನಮ್ಮವನು, ಯಾರೂ ಮುಟ್ಟದಂತೆ ಊರ ಗಡಿಯನ್ನು ದಾಟಿಸಿ ಬಾ ಎಂದು ಅಪ್ಪಣೆಯಿತ್ತರು. ದಾಟಿಸಿದ ಸುದ್ದಿ ಬರುವವರೆಗೆ ಉಸಿರನ್ನು ಹಿಡಿದಿದ್ದರು. ಲೌಕಿಕರಿಗೆ ಇದು ಹುಚ್ಚೆಂದು ತೋರಬಹುದು. ಆದರೆ ಅವರು ಉಳಿಸಿದುದು ಮುತ್ತನಾಥನನ್ನಲ್ಲ. ನಾಳೆ ವಿಭೂತಿ ಧರಿಸಿ ಬಾಗಿಲಿಗೆ ಬರುವ ನಿಜವಾದ ಭಕ್ತನನ್ನು. ವೇಷಕ್ಕೆ ತೋರಿದ ಆ ನಿಷ್ಠೆಯಿಂದ ತಮಗೆ ಸಾವು ಬಂದಿತು, ಪರರಿಗೆ ಬರಲಿಲ್ಲ. ರಾಕ್ಷಸನ ನಿಷ್ಠೆಗೂ ಇದಕ್ಕೂ ಇರುವ ಅಂತರವನ್ನು ಅಳೆಯಲು ಬೇರೆ ಕೋಲು ಬೇಡ.

ಅರಸನ ಸೇವೆಯೇ ದೋಷವೆಂದು ಇದರಿಂದ ತಿಳಿಯಲಾಗದು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಚಾಡಿಕೋರರು ಅರಸನ ಕಿವಿಯೂದಿದ ಸಂಗತಿಯನ್ನೂ, ಲೆಕ್ಕ ನೋಡಿದಾಗ ಭಂಡಾರವು ತುಂಬಿಯೇ ಇದ್ದ ಸಂಗತಿಯನ್ನೂ ಪುರಾಣಗಳು ಬಣ್ಣಿಸಿರುವುವು. ಅವರದೂ ಒಡೆಯನ ಕೆಲಸವೇ. ಆದರೆ ಹಗಲಿನಲ್ಲಿ ಬಿಚ್ಚಿ ತೋರಿಸಬಹುದಾದ ಲೆಕ್ಕದ ಕೆಲಸ. ರಾಕ್ಷಸನ ಕಡತವನ್ನು ಹಾಗೆ ಬಿಚ್ಚುವಂತಿರಲಿಲ್ಲ.

ಇನ್ನು ಚಂದನದಾಸನು. ನಾಟಕದ ಹೆಸರಿನಲ್ಲಿ ಆತನಿಲ್ಲ, ಸಂಚಿನಲ್ಲಿ ಆತನಿಲ್ಲ, ರಾಜ್ಯವು ಯಾರದಾದರೂ ಆತನಿಗೆ ವ್ಯಾಪಾರವಿದ್ದಿತು. ಗೃಹಸ್ಥನು, ಹೆಂಡತಿ ಮಕ್ಕಳುಳ್ಳವನು, ನಾಲ್ಕು ಜನರ ನಡುವೆ ಮಾನವಾಗಿ ಬಾಳಿದವನು. ಚಾಣಕ್ಯನು ಕರೆಸಿ, ವ್ಯಾಪಾರವು ಹೇಗೆ ನಡೆದಿದೆಯೆಂದು ನಯವಾಗಿ ವಿಚಾರಿಸಿ, ಕಡೆಗೆ ರಾಕ್ಷಸನ ಕುಟುಂಬವನ್ನು ಒಪ್ಪಿಸೆಂದನು. ಮೊದಲು ಆತನು ಹೆದರಿ ಇಲ್ಲವೆಂದನು; ಆಮೇಲೆ ಹಿಂದೊಮ್ಮೆ ಇದ್ದರು, ಈಗ ಎಲ್ಲಿಗೆ ಹೋದರೋ ತಿಳಿಯದೆಂದನು. ಚಂದನದಾಸನೂ ಸುಳ್ಳು ಹೇಳಿದನೆಂಬುದನ್ನು ಮರೆಸುವುದು ಬೇಡ. ಹೆದರಿದ ಗೃಹಸ್ಥನು ಹೇಳುವ ಸುಳ್ಳದು. ಆದರೆ ದಂಡನೆಯ ಮಾತು ಬಂದಾಗ ಆ ಸುಳ್ಳಿನ ಮರೆಯನ್ನೂ ಬಿಟ್ಟು, ಮನೆಯಲ್ಲಿ ಇದ್ದಿದ್ದರೂ ಒಪ್ಪಿಸುತ್ತಿರಲಿಲ್ಲವೆಂದು ನಿಂತುಬಿಟ್ಟನು. ಮನೆ ಮುಟ್ಟುಗೋಲಾಯಿತು, ಮಡದಿ ಮಕ್ಕಳೊಡನೆ ಸೆರೆಯಾಯಿತು. ಚಾಣಕ್ಯನು ಮನಸ್ಸಿನಲ್ಲಿಯೇ ಆತನನ್ನು ಶಿಬಿಗೆ ಹೋಲಿಸಿದನು. ಆದರೂ ಬಿಡಲಿಲ್ಲ, ಆ ಹಿರಿಮೆಯನ್ನೇ ಬಲೆಗೆ ಕಟ್ಟುವ ಎರೆಯಾಗಿ ಮಾಡಿಕೊಂಡನು.

ದಾಸೋಹವನ್ನು ಬಲ್ಲ ಮನೆಗಳಿಗೆ ಈ ಪ್ರಸಂಗವು ಬೇಗನೆ ಅರ್ಥವಾಗುವುದು. ಬಂದವರಿಗೆ ಉಣಬಡಿಸುವುದು ಸುಲಭ. ಬಂದವರ ಬೆನ್ನಟ್ಟಿ ಬಂದವರ ಮುಂದೆ ಬಾಗಿಲಿಗೆ ಅಡ್ಡ ನಿಲ್ಲುವುದು ಸುಲಭವಲ್ಲ. ಚಂದನದಾಸನ ನಿಷ್ಠೆಗೆ ಉಪಾಯವಿಲ್ಲ, ಚರರಿಲ್ಲ, ಸಂಕೇತದ ಭಾಷೆಯಿಲ್ಲ. ಅದರಿಂದ ಆತನಿಗಲ್ಲದೆ ಬೇರೆಯವರಿಗೆ ಕೇಡಿಲ್ಲ. ಬೇರೆಯವರಿಗಲ್ಲ ಎನ್ನುವಾಗ ಆತನ ಮಡದಿ ಮಗನು ಕಣ್ಣಮುಂದೆ ಬರುವರು. ಅವರ ಪಾಲಿನ ಕಷ್ಟವನ್ನು ಕವಿಯು ಮರೆತಿಲ್ಲ, ಓದುವವರೂ ಮರೆಯತಕ್ಕದ್ದಲ್ಲ. ಶೂಲವನ್ನು ಹೆಗಲ ಮೇಲೆ ಹೊತ್ತು ಆತನು ವಧಸ್ಥಾನಕ್ಕೆ ನಡೆದಾಗ ಅವರಿಬ್ಬರೂ ಹಿಂದೆಯೇ ಬಂದರು. ತಾನು ಅಪರಾಧಕ್ಕಾಗಿ ಅಲ್ಲ, ಗೆಳೆಯನಿಗಾಗಿ ಸಾಯುತ್ತಿರುವೆನೆಂದು ಮಡದಿಗೆ ಸಮಾಧಾನ ಹೇಳಿದನು. ತಂದೆಯಿಲ್ಲದ ಮೇಲೆ ತಾನೇನು ಮಾಡಲೆಂದು ಮಗನು ಕೇಳಿದಾಗ, ಚಾಣಕ್ಯನಿಲ್ಲದ ದೇಶದಲ್ಲಿ ಬಾಳು ಎಂದನು. ವರ್ತಕನು ಮಗನಿಗೆ ಬಿಟ್ಟ ಆಸ್ತಿ ಅಷ್ಟೇ.

ಈ ನಡುವೆ ರಾಕ್ಷಸನು ಎಲ್ಲವನ್ನೂ ಕಳೆದುಕೊಂಡು, ಗೆಳೆಯನನ್ನಾದರೂ ಉಳಿಸುವೆನೆಂದು ಕುಸುಮಪುರದ ಹೊರಗಿನ ಪಾಳುತೋಟಕ್ಕೆ ಒಬ್ಬನೇ ಬಂದಿರುವನು. ಅಲ್ಲೊಬ್ಬನು ನೇಣುಹಾಕಿಕೊಳ್ಳಲು ಹಗ್ಗವನ್ನು ಹೊಂದಿಸುತ್ತಿರುವನು. ಅವನೂ ಚಾಣಕ್ಯನ ಚರನೇ. ಚಂದನದಾಸನಿಗೆ ಆಗಲಿರುವ ಶಿಕ್ಷೆಯನ್ನು ತಾಳಲಾರದೆ ಆತನ ಗೆಳೆಯ ಜಿಷ್ಣುದಾಸನು ಬೆಂಕಿಗೆ ಬೀಳಲಿರುವನು, ಜಿಷ್ಣುದಾಸನಿಗಾಗಿ ತಾನು ಸಾಯುವೆನು ಎಂದು ಅವನ ಕಥೆ. ಕೇಳಿದೊಡನೆ ರಾಕ್ಷಸನು ಕತ್ತಿಯನ್ನು ಸೆಳೆದು ಹೊರಟನು. ಆ ಮನುಷ್ಯನು ಕಾಲಿಗೆ ಬಿದ್ದು ತಡೆದನು: ಶಕಟದಾಸನನ್ನು ಬಿಡಿಸಿಕೊಂಡು ಹೋದಂದಿನಿಂದ ವಧಕರು ಆಯುಧಪಾಣಿಯನ್ನು ದೂರದಲ್ಲಿ ಕಂಡರೂ ಸಾಕು, ಕೈದಿಯನ್ನು ಒಡನೆಯೇ ಮುಗಿಸಿಬಿಡುವರು. ರಾಕ್ಷಸನು ನಿಂತನು. ಶೌರ್ಯಕ್ಕೆ ದಾರಿಯಿಲ್ಲ, ಉಪಾಯಕ್ಕೆ ಹೊತ್ತಿಲ್ಲ, ನೀತಿಯ ಫಲಕ್ಕಾಗಿ ಕಾಯುವಂತಿಲ್ಲ. ಉಳಿದುದು ಒಂದೇ: ತನ್ನ ಮೈಯನ್ನೇ ಗೆಳೆಯನ ಬೆಲೆಯಾಗಿ ತೆತ್ತುಬಿಡುವುದು. ಆತನು ಕತ್ತಿಯನ್ನು ಎಸೆದು ಬರಿಗೈಯಲ್ಲಿ ನಡೆದನು.

ಇಡೀ ನಾಟಕದಲ್ಲಿ ರಾಕ್ಷಸನು ವೇಷವಿಲ್ಲದೆ, ಚರರಿಲ್ಲದೆ, ಮುದ್ರೆಯಿಲ್ಲದೆ ಮಾಡಿದ ಕೆಲಸ ಇದೊಂದೇ. ಅದೂ ವೈರಿಯ ಬಲೆಯೊಳಗಿನ ಹೆಜ್ಜೆಯೇ ಎಂದು ಹೇಳಬಹುದು, ನಿಜ. ಹಗ್ಗ ಹಿಡಿದವನು ಸುಳ್ಳು, ವಧಕರು ಸುಳ್ಳು. ಚಾಂಡಾಲವೇಷದಿಂದ ಶೂಲದ ಬಳಿ ನಿಂತವನು ಅದೇ ಸಿದ್ಧಾರ್ಥಕನು. ಆದರೆ ಸುಳ್ಳುಗಳ ನಡುವೆ ಆ ಹೆಜ್ಜೆ ನಿಜವಾಗಿದ್ದಿತು. ಸತ್ತ ಒಡೆಯನ ಹಗೆಯನ್ನು ತೀರಿಸುವುದೇ ಬಾಳೆಂದಿದ್ದವನು, ಬದುಕಿರುವ ಗೆಳೆಯನೊಬ್ಬನಿಗಾಗಿ ಅದನ್ನು ಕೆಳಗಿಟ್ಟನು. ಇದನ್ನು ನಿಷ್ಠೆಯ ಭಂಗವೆನ್ನಬೇಕೆ? ಹಾಗೆನ್ನುವ ಪಂಡಿತರೂ ಇರಬಹುದು. ನಂದರಿಗೆ ಆತನು ಕೊಟ್ಟಿದ್ದುದು ನೆನಪಿನ ಸಾಲ. ಚಂದನದಾಸನಿಗೆ ಕೊಡಬೇಕಾಗಿದ್ದುದು ಜೀವದ ಸಾಲ. ಆತನಿಗಾಗಿ ಸತ್ತವರು ಹಿಂದೆ ಹಲವರು. ತನಗಾಗಿ ಸಾಯುವವನೊಬ್ಬನನ್ನು ಕಣ್ಣಾರೆ ಕಂಡಾಗ ಮಾತ್ರ ಆತನ ಕಣ್ಣು ತೆರೆಯಿತು.

ತನ್ನನ್ನು ಹಿಡಿದು ಈತನನ್ನು ಬಿಡಿರೆಂದು ರಾಕ್ಷಸನು ಮುಂದೆ ಬಂದಾಗ ಚಂದನದಾಸನು ಹಿಗ್ಗಲಿಲ್ಲ. ತನ್ನ ಪ್ರಯತ್ನವನ್ನೆಲ್ಲ ನಿಷ್ಫಲ ಮಾಡಿದೆಯಲ್ಲಾ ಎಂದು ನೊಂದನು. ಅನಂತರ ಚಾಣಕ್ಯನು ಮುಂದೆ ಬಂದು, ಓಲೆ, ಒಡವೆ, ಹಗ್ಗದ ಮನುಷ್ಯ ಎಲ್ಲವೂ ತನ್ನವೇ ಎಂದು ಹೇಳಿ, ಮಂತ್ರಿಪದವಿಯ ಖಡ್ಗವನ್ನು ಹಿಡಿಯಬೇಕೆಂದನು. ಚಾಣಕ್ಯನು ಹಿಡಿದುದನ್ನು ಹಿಡಿಯಲು ತಾನು ಯೋಗ್ಯನಲ್ಲವೆಂದು ರಾಕ್ಷಸನು ಹಿಂಜರಿದನು. ಹಿಡಿಯದಿದ್ದರೆ ಚಂದನದಾಸನ ಜೀವವಿಲ್ಲ. ಚಂದ್ರಗುಪ್ತನು ಬಂದು ತಲೆಬಾಗಿದನು. ರಾಕ್ಷಸನು ಗೆಳೆತನಕ್ಕೆ ನಮಸ್ಕಾರ ಮಾಡಿ ಖಡ್ಗವನ್ನು ಹಿಡಿದನು. ರಾಜ್ಯಕ್ಕಾಗಿ ಅಲ್ಲ, ಅರಸನ ಗುಣಕ್ಕಾಗಿಯೂ ಅಲ್ಲ. ಅದೇ ಚಂದ್ರಗುಪ್ತನು ಕಡೆಗೆ ಆ ರಾಜ್ಯವನ್ನು ತೊರೆದು, ಭದ್ರಬಾಹು ಮುನಿಗಳೊಡನೆ ಶ್ರವಣಬೆಳಗೊಳಕ್ಕೆ ಬಂದು ಉಪವಾಸವ್ರತದಿಂದ ದೇಹವನ್ನು ಬಿಟ್ಟನೆಂದು ಜೈನ ಪರಂಪರೆಯು ಹೇಳುವುದು. ಇಷ್ಟೆಲ್ಲ ಬೇಹು, ಇಷ್ಟೆಲ್ಲ ವಿಷ, ಇಷ್ಟು ಜನರ ಸಾವು ಒಂದು ಸಿಂಹಾಸನಕ್ಕಾಗಿ. ಅದನ್ನೇರಿದವನೇ ಅದನ್ನು ಬಿಟ್ಟು ಕನ್ನಡನಾಡಿನ ಒಂದು ಬಂಡೆಯನ್ನು ಅರಸಿಬಂದನು.

ನಾಟಕವಾದರೋ ಶುಭವಾಗಿ ಮುಗಿಯುವುದು. ಮಲಯಕೇತುವಿಗೆ ತಂದೆಯ ನಾಡು ಮರಳಿ ದೊರೆಯಿತು. ಚಂದನದಾಸನು ಎಲ್ಲ ನಗರಗಳ ವರ್ತಕರಿಗೂ ಶ್ರೇಷ್ಠಿಯಾದನು. ಸೆರೆಯಾಳುಗಳನ್ನು ಬಿಡಿಸಲು ಅಪ್ಪಣೆಯಾಯಿತು. ಪ್ರತಿಜ್ಞೆಗಾಗಿ ಬಿಚ್ಚಿದ್ದ ಜುಟ್ಟನ್ನು ಚಾಣಕ್ಯನು ಕಟ್ಟಿಕೊಂಡನು. ಮುದ್ರೆಯ ಉಂಗುರವು ಮತ್ತೆ ಯಾರ ಬೆರಳಿಗೆ ಸೇರಿತೆಂಬುದನ್ನು ಕವಿಯು ಹೇಳಿಲ್ಲ. ಆದರೆ ಪಾಟಲಿಪುತ್ರದಲ್ಲಿ ಇನ್ನು ಯಾವನಾದರೂ ಬೀದಿಯಲ್ಲಿ ಹಾಡುತ್ತ ಬಂದರೆ, ಬಾಗಿಲ ಮರೆಯ ಆ ಕೈಗೆ ಮಗುವನ್ನು ಒಳಕ್ಕೆಳೆಯುವ ಕೆಲಸವಿರಲಿಲ್ಲ.